ಬೌಲಿಂಗ್ ಹಲಗೆಯ ಮೇಲೊಂದು ವೈಸ್

2009ರ ಬೇಸಿಗೆಯಲ್ಲಿ ಡೆಟ್ರಾಯ್ಟ್ ಸುತ್ತಲಿನ ಊರುಗಳಲ್ಲಿ ಟೂಲ್ ಚೆಸ್ಟುಗಳು, ಅಂದರೆ ಸಲಕರಣೆ ಇಡುವ ಡ್ರಾಯರಿನ ಪೆಟ್ಟಿಗೆಗಳು, ಕೇಳಿದ ಬೆಲೆಗೆ ಸಿಗುತ್ತಿದ್ದವು. ಏಪ್ರಿಲ್ 30ಕ್ಕೆ ಕ್ರೈಸ್ಲರ್, ಜೂನ್ 1ಕ್ಕೆ ಜನರಲ್ ಮೋಟರ್ಸ್ ದಿವಾಳಿ ಅರ್ಜಿ ಹಿಡಿದು ಕೋರ್ಟಿಗೆ ಹೋಗಿದ್ದವು. ಅದಕ್ಕೂ ಮೊದಲು, ಫೆಬ್ರುವರಿಯಲ್ಲೇ, ಜನರಲ್ ಮೋಟರ್ಸ್ ತನ್ನ ಕಾರ್ಮಿಕರ ಮುಂದೆ ಒಂದು ಲೆಕ್ಕ ಇಟ್ಟಿತ್ತು: ಕೆಲಸ ಬಿಟ್ಟು ಹೋಗುವವರಿಗೆ 20,000 ಡಾಲರ್ ನಗದು, ಜೊತೆಗೆ ಕಾರು ಕೊಳ್ಳಲು 25,000 ಡಾಲರಿನ ವೋಚರ್. ಜನ ಊರು ಬಿಡುತ್ತಿದ್ದರು. ಆ ದಶಕದ ಎರಡು ಜನಗಣತಿಗಳ ನಡುವೆ ಅಮೆರಿಕದ ಐವತ್ತು ರಾಜ್ಯಗಳಲ್ಲಿ ಜನಸಂಖ್ಯೆ ಇಳಿದದ್ದು ಡೆಟ್ರಾಯ್ಟ್ ಇರುವ ಮಿಶಿಗನ್ ಒಂದರಲ್ಲೇ. ಹೊರಡುವವರು ಸೋಫಾ, ಹುಲ್ಲು ಕತ್ತರಿಸುವ ಯಂತ್ರ, ಮಕ್ಕಳ ಸೈಕಲ್ಲುಗಳನ್ನು ಮನೆ ಮುಂದೆ ಸಾಲಾಗಿ ಇಟ್ಟು ಬೆಲೆಚೀಟಿ ಅಂಟಿಸುತ್ತಿದ್ದರು. ಸಾಲಿನ ಕೊನೆಗೆ, ಗ್ಯಾರೇಜಿನ ಬಾಗಿಲ ಹತ್ತಿರ, ಕೆಂಪೋ ಕಂದೋ ಬಣ್ಣದ ಉಕ್ಕಿನ ಪೆಟ್ಟಿಗೆ ನಿಂತಿರುತ್ತಿತ್ತು. ಅದಕ್ಕೆ ಮಾತ್ರ ಚೀಟಿ ಇರುತ್ತಿರಲಿಲ್ಲ. ಕೇಳಿದವರಿಗಷ್ಟೇ ಬೆಲೆ.

ಹರಿಹರದಿಂದ ಹೋಗಿ ಅಲ್ಲಿನ ಟ್ರಾಯ್ ಎಂಬ ಊರಿನಲ್ಲಿ ನೆಲೆಸಿದ್ದ ಎಂಜಿನಿಯರ್ ಒಬ್ಬ ಆ ಬೇಸಿಗೆ ಇಂಥ ಎರಡು ಪೆಟ್ಟಿಗೆ ಕೊಂಡ. ಕಾರಿನ ಸೀಟಿನಡಿ ಕೂರುವ ಬ್ರ್ಯಾಕೆಟ್ಟುಗಳನ್ನು ಕಂಪ್ಯೂಟರ್ ಪರದೆಯ ಮೇಲೆ ವಿನ್ಯಾಸ ಮಾಡುವುದು ಅವನ ಕೆಲಸ. ಆ ವರ್ಷ ಕೆಲಸವೂ ತೆಳ್ಳಗಾಗಿತ್ತು, ವಾರದ ದಿನಗಳು ಕಡಿಮೆಯಾಗಿದ್ದವು. ಕೈಗೆ ಬಿಡುವು ಸಿಕ್ಕಿತ್ತು, ಕೈಯಾಡಿಸಲು ಜಾಗ ಇರಲಿಲ್ಲ. ಮನೆಯ ಕುರ್ಚಿಯ ಕಾಲು ಸಡಿಲವಾದರೂ ಅಡುಗೆಮನೆಯ ಕಟ್ಟೆಯೇ ಗತಿ, ಅಲ್ಲಿಂದ ಎಬ್ಬಿಸಿಕೊಳ್ಳುವುದೂ ನಿತ್ಯದ ಮಾತು.

ಗ್ಯಾರೇಜ್ ಇತ್ತು, ನಿಜ. ಅಮೆರಿಕದ ಗ್ಯಾರೇಜು ಕಾರಿಗಾಗಿ ಕಟ್ಟುವ ಕೋಣೆ ಎಂಬುದು ನಕ್ಷೆಯ ಮೇಲಿನ ಮಾತು. ಲಾಸ್ ಏಂಜಲೀಸ್‌ನ 32 ಕುಟುಂಬಗಳ ಮನೆ ಸಾಮಾನನ್ನು ಎಣಿಸಿ ನೋಡಿದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಮಾನವಶಾಸ್ತ್ರಜ್ಞರು, ನಾಲ್ಕರಲ್ಲಿ ಮೂರು ಗ್ಯಾರೇಜುಗಳಲ್ಲಿ ಕಾರು ನಿಲ್ಲಲು ಜಾಗವೇ ಇಲ್ಲ ಎಂದು 2012ರಲ್ಲಿ ಬರೆದರು. ಆದರೆ ಲಾಸ್ ಏಂಜಲೀಸ್‌ನಲ್ಲಿ ಕಾರು ಹೊರಗೆ ನಿಂತರೆ ಧೂಳು ಕೂರುತ್ತದೆ. ಮಿಶಿಗನ್‌ನಲ್ಲಿ ಮಂಜು ಕೂರುತ್ತದೆ, ಬೆಳಗ್ಗೆ ಅದನ್ನು ಕೆರೆಯುವವರು ಯಾರು ಎಂಬುದು ಮನೆಯೊಳಗಿನ ರಾಜಕೀಯ. ಹೆಂಡತಿ ಒಂದೇ ಮಾತಿನಲ್ಲಿ ಗಡಿ ಎಳೆದಳು. "ರೀ, ಜನವರಿಯಲ್ಲಿ ನನ್ನ ಕಾರು ಒಳಗಿರಬೇಕು. ಉಳಿದ ಜಾಗದಲ್ಲಿ ನೀವು ಏನು ಬೇಕಾದರೂ ಕಟ್ಟಿಕೊಳ್ಳಿ." ಉಳಿದ ಜಾಗ ಎಂದರೆ ಪಕ್ಕದ ಗೋಡೆಯುದ್ದಕ್ಕೆ ಎರಡಡಿ ಚಿಲ್ಲರೆ ಅಗಲ.

ಮೊದಲ ಪೆಟ್ಟಿಗೆ ಕೊಟ್ಟವರು ಅರವತ್ತರ ಆಸುಪಾಸಿನವರು. ಡೈ, ಅಂದರೆ ಲೋಹಕ್ಕೆ ಆಕಾರ ಕೊಡುವ ಅಚ್ಚು, ಮಾಡುವ ವಿಭಾಗದಲ್ಲಿದ್ದರಂತೆ. ಡ್ರಾಯರುಗಳ ಮೇಲೆ ಪ್ಲಾಸ್ಟಿಕ್ ಪಟ್ಟಿಯಲ್ಲಿ ಅಕ್ಷರ ಒತ್ತಿ ಅಂಟಿಸಿದ್ದರು: ರೀಮರ್, ಟ್ಯಾಪ್, ನಂಬರ್ ಡ್ರಿಲ್, ಲೆಟರ್ ಡ್ರಿಲ್. ಒಳಗೆ ಏನೂ ಇರಲಿಲ್ಲ, ಎಣ್ಣೆಯ ವಾಸನೆ ಬಿಟ್ಟರೆ. ಎರಡನೆಯದು ಇನ್ನೊಂದು ಊರಿನಲ್ಲಿ ಸಿಕ್ಕಿತು. ಎರಡೂ 27 ಇಂಚು ಅಗಲ, 18 ಇಂಚು ಆಳ. ಎತ್ತರ ಮಾತ್ರ ಬೇರೆ, ಹೆಚ್ಚು ಹಳೆಯದಾದ ಮೊದಲನೆಯದು ಒಂದು ಇಂಚು ಕುಳ್ಳು. ಹಳೆಯದರ ಡ್ರಾಯರುಗಳು ತಗಡಿನ ಮೇಲೆ ತಗಡು ಉಜ್ಜಿಕೊಂಡು ಬರುತ್ತಿದ್ದವು, ಮೇಣ ಸವರಿದರೆ ತುಸು ಸಲೀಸು. ಹೊಸದರವು ಬಾಲ್ ಬೇರಿಂಗಿನ ಹಳಿಯ ಮೇಲೆ ಓಡುತ್ತಿದ್ದವು, ಒಂದೊಂದು 45 ಕಿಲೋ ತೂಕ ತಾಳುವಂಥವು.

ಪಕ್ಕದ ಮನೆಯ ಹಿರಿಯರು, ಅವರೂ ನಿವೃತ್ತ ಡೈ ಮೇಕರ್, ಬೇಲಿಯ ಆಚೆಯಿಂದ ಇದನ್ನೆಲ್ಲ ನೋಡುತ್ತಿದ್ದರು. ಒಂದು ಸಂಜೆ ಕರೆದು ತಮ್ಮ ಪೆಟ್ಟಿಗೆ ತೋರಿಸಿದರು. ಅದು ಓಕ್ ಮರದ್ದು, ಒಳಗೆಲ್ಲ ಹಸಿರು ಫೆಲ್ಟ್ ಬಟ್ಟೆ. ಒಹಾಯೊದ ಡೇಟನ್‌ನಲ್ಲಿ 1906ರಿಂದ ಈ ಪೆಟ್ಟಿಗೆಗಳನ್ನು ಮಾಡುತ್ತ ಬಂದಿರುವ ಗೆರ್ಸ್ಟ್‌ನರ್ ಕಂಪನಿಯದು. ನಡುವೆ ಒಂದು ಡ್ರಾಯರ್ ಮಾತ್ರ ಉಳಿದವುಗಳಿಗಿಂತ ಎತ್ತರವಾಗಿ, ಕಿರಿದಾಗಿ ಇತ್ತು. ಅದು ಪುಸ್ತಕದ ಅಳತೆಗೆ ಮಾಡಿದ್ದು. 1914ರಲ್ಲಿ ಮೊದಲು ಅಚ್ಚಾದ 'ಮಷಿನರೀಸ್ ಹ್ಯಾಂಡ್‌ಬುಕ್' ಎಂಬ ದಪ್ಪ ಕೈಪಿಡಿ, ಸ್ಕ್ರೂ ಮರೆಯ ಅಳತೆಗಳಿಂದ ಹಿಡಿದು ಹಲ್ಲುಚಕ್ರದ ಲೆಕ್ಕದವರೆಗೆ ಎಲ್ಲ ಇರುವಂಥದ್ದು, ಅಲ್ಲಿ ಕೂರುತ್ತದೆ. ಕೈಕೆಲಸದವನ ಪೆಟ್ಟಿಗೆಯ ನಟ್ಟನಡುವೆ ಪುಸ್ತಕಕ್ಕೆ ಜಾಗ! ಹರಿಹರದ ಎಂಜಿನಿಯರಿಗೆ ಈ ಒಂದು ಸಂಗತಿ ಬಹಳ ದಿನ ತಲೆಯಲ್ಲಿ ಉಳಿಯಿತು.

"ಪೆಟ್ಟಿಗೆ ಎರಡು ಇಟ್ಟು ಮೇಲೆ ಹಲಗೆ ಹಾಕಿದರೆ ಅದು ಮೆಕ್ಯಾನಿಕ್ಕನ ಬೆಂಚು" ಎಂದರು ಹಿರಿಯರು. "ಬಡಗಿಯ ಬೆಂಚಲ್ಲ. ಮೊದಲೇ ತಿಳಿದಿರಲಿ."

ಮಾತಿನಲ್ಲಿ ಹುರುಳಿತ್ತು. ಹದಿನೆಂಟನೆಯ ಶತಮಾನದ ಪ್ಯಾರಿಸ್ಸಿನ ಬಡಗಿ ಆಂದ್ರೆ ರೂಬೊ 1769ರಿಂದ ಹೊರತಂದ ಬಡಗಿವಿದ್ಯೆಯ ಗ್ರಂಥದಲ್ಲಿ ಬೆಂಚಿನ ಚಿತ್ರವಿದೆ. ದಪ್ಪ ದಿಮ್ಮಿಯಂಥ ಹಲಗೆ, ಅದರ ಅಂಚಿಗೆ ಸರಿಸಮವಾಗಿ ಬರುವ ಕಾಲುಗಳು. ಉದ್ದದ ಹಲಗೆಯನ್ನು ಆ ಕಾಲುಗಳಿಗೇ ಒತ್ತಿ ಬಿಗಿದು ಅಂಚು ಕೆತ್ತಬಹುದು. ಮೇಲೆ ತೂತುಗಳು, ತೂತಿನಲ್ಲಿ ಕಬ್ಬಿಣದ ಕೊಕ್ಕೆ ಇಳಿಸಿ ಮರವನ್ನು ಅಲುಗದಂತೆ ಹಿಡಿಸಬಹುದು. ಡ್ರಾಯರಿನ ಪೆಟ್ಟಿಗೆಗೆ ಇವೆರಡೂ ಒಗ್ಗುವುದಿಲ್ಲ. ತೂತು ಕೊರೆದರೆ ಕೊಕ್ಕೆ ನೇರ ಮೇಲಿನ ಡ್ರಾಯರಿಗೆ ಇಳಿಯುತ್ತದೆ. ಮುಂದೆ ಬಿಗಿಯಲು ಹೋದರೆ ಡ್ರಾಯರ್ ತೆರೆಯುವುದಿಲ್ಲ. ಇನ್ನು ಕೆಳಗಿನ ಚಕ್ರಗಳು: ಬೀಗ ಹಾಕಿದರೂ ಹತ್ತರಿ ಹೊಡೆಯುವಾಗ ಇಡೀ ಬೆಂಚು ಒಂದು ಕೂದಲಷ್ಟು ಹಿಂದೆ ಮುಂದೆ ಆಡುತ್ತದೆ. ಆ ಕೂದಲಷ್ಟೇ ಸಾಕು, ಕೈಗೆ ಸಿಟ್ಟು ಬರಿಸಲು. ಅಂಗಡಿಗಳು ಚಕ್ರದ ಬೆಂಚನ್ನೇ ಹೆಚ್ಚು ಹೊಗಳಿ ಮಾರುತ್ತವೆ. ಎಣ್ಣೆ ಬದಲಿಸುವವನಿಗೆ ಅದು ಸರಿ, ಮರ ಕೆತ್ತುವವನಿಗೆ ಅಲ್ಲ.

ಅವನು ಚಕ್ರ ಬಿಚ್ಚಿದ. ಮೂರೂವರೆ ಇಂಚಿನ ಚೌಕ ತೊಲೆಗಳ ಮೇಲೆ ಪೆಟ್ಟಿಗೆಗಳನ್ನು ಕೂರಿಸಿ, ಕುಳ್ಳು ಪೆಟ್ಟಿಗೆಯ ನೆತ್ತಿಗೆ ಪ್ಲೈವುಡ್ ತುಂಡು ಹಾಕಿದ. ಎಂಟಡಿ ಹಲಗೆಯ ಎರಡು ತುದಿಗೂ ಮೂರು ಇಂಚು ಒಳಗೆ ಪೆಟ್ಟಿಗೆ ನಿಂತರೆ ನಡುವೆ ಮೂರಡಿ ಬಯಲು ಉಳಿಯುತ್ತದೆ. ಸ್ಟೂಲ್ ಹಾಕಿ ಕಾಲು ಚಾಚಬಹುದು, ಹಲಗೆಯ ಅಂಚಿಗೆ ಕ್ಲ್ಯಾಂಪ್ ಬಿಗಿಯಲೂ ಅದೇ ಜಾಗ. ಪೆಟ್ಟಿಗೆಯ ಆಳಕ್ಕಿಂತ ಹಲಗೆ ಏಳೂವರೆ ಇಂಚು ಅಗಲ ಹೆಚ್ಚು, ಅದರಲ್ಲಿ ನಾಲ್ಕು ಇಂಚು ಮುಂದಕ್ಕೆ ಚಾಚಿದರೆ ಪೆಟ್ಟಿಗೆಯ ಮೇಲೂ ಕ್ಲ್ಯಾಂಪಿಗೆ ಬಾಯಿ ಸಿಗುತ್ತದೆ. ಮೆಕ್ಯಾನಿಕ್ಕನ ಬೆಂಚನ್ನು ಬಡಗಿಯ ಕಡೆಗೆ ಎಳೆಯಲು ಆದದ್ದು ಇಷ್ಟು.

ಹಲಗೆಯದೇ ದೊಡ್ಡ ಕಥೆ.

ಡೆಟ್ರಾಯ್ಟ್ ಬೌಲಿಂಗಿನ ಊರು. ಕಾರ್ಖಾನೆಯ ಪಾಳಿ ಮುಗಿಸಿದವರು ವಿಭಾಗಕ್ಕೊಂದು ತಂಡ ಕಟ್ಟಿ ವಾರಕ್ಕೊಮ್ಮೆ ಆಡುತ್ತಿದ್ದ ಲೀಗುಗಳು ಅಲ್ಲಿನ ಬದುಕಿನ ಭಾಗ. ಸಮಾಜವಿಜ್ಞಾನಿ ರಾಬರ್ಟ್ ಪಟ್ನಮ್ ಅಮೆರಿಕದ ಸಂಘಜೀವನ ಸೊರಗುತ್ತಿರುವುದರ ಬಗ್ಗೆ 2000ದಲ್ಲಿ ತಂದ ಪುಸ್ತಕಕ್ಕೆ 'ಬೌಲಿಂಗ್ ಅಲೋನ್' ಎಂದೇ ಹೆಸರಿಟ್ಟರು. ಲೀಗುಗಳು ಕರಗಿದಂತೆ ಹಾಲ್‌ಗಳು ಮುಚ್ಚಿದವು, ಉಳಿದವುಗಳಲ್ಲಿ ಮರ ತೆಗೆದು ಕೃತಕ ಹಾಳೆ ಹಾಸಿದರು. ಕಿತ್ತ ಮರ ಹಳೆ ಸಾಮಾನಿನವರ ಅಂಗಳಕ್ಕೆ ಬಂತು. ಬೌಲಿಂಗ್ ಹಾದಿ ಉದ್ದಕ್ಕೂ ಒಂದೇ ಮರದ್ದಲ್ಲ. ಚೆಂಡು ಬಂದು ಬೀಳುವ ಮೊದಲ ಹದಿನೈದಡಿಯಷ್ಟು ಭಾಗ ಮತ್ತು ಪಿನ್ನುಗಳು ನಿಲ್ಲುವ ಜಾಗ ಮೇಪಲ್, ಚೆಂಡು ಬರೀ ಉರುಳಿ ಹೋಗುವ ನಡುವಿನ ಭಾಗ ಮೆದು ಪೈನ್. ಅಡ್ಡಕ್ಕೆ 39 ಪಟ್ಟಿಗಳು, ಒಂದೊಂದೂ ಒಂದು ಇಂಚಿಗಿಂತ ತುಸು ದಪ್ಪ, ಎಲ್ಲವೂ ಅಂಚಿನ ಮೇಲೆ ನಿಂತಿರುತ್ತವೆ. ಅವನಿಗೆ ಸಿಕ್ಕಿದ್ದು ಮೇಪಲ್ ಭಾಗ, ಎರಡೂಕಾಲು ಇಂಚು ದಪ್ಪ. ಆಟಗಾರರು ಗುರಿ ಹಿಡಿಯಲೆಂದು ಕಪ್ಪು ಮರದಲ್ಲಿ ಕೂರಿಸಿದ ಬಾಣದ ಗುರುತುಗಳೂ ಹಾಗೇ ಇದ್ದವು.

ಪೂರ್ತಿ ಅಗಲ ನಲವತ್ತೊಂದೂವರೆ ಇಂಚು, ಅವನಿಗೆ ಬೇಕಾದದ್ದು ಇಪ್ಪತ್ತೈದೂವರೆ. 24 ಪಟ್ಟಿ ಉಳಿಸಿಕೊಂಡು 15 ಬೇರ್ಪಡಿಸಬೇಕು. ಇಲ್ಲಿ ಹಳೆಯ ಬೌಲಿಂಗ್ ಮರದ ಗುಣ ಹೊರಬಿತ್ತು. ಪಟ್ಟಿಗಳನ್ನು ಅಂಟಿಸಿರುವುದಿಲ್ಲ, ಒಂದರ ಪಕ್ಕಕ್ಕೆ ಒಂದನ್ನು ಒತ್ತಿ ಮೊಳೆ ಹೊಡೆದಿರುತ್ತಾರೆ. ಕೆಲವೇ ಇಂಚಿಗೊಂದು ಮೊಳೆ, ಎಲ್ಲವೂ ಅಡ್ಡಡ್ಡ, ಎಲ್ಲವೂ ಹೊಟ್ಟೆಯೊಳಗೆ. ಉದ್ದಕ್ಕೆ ಗರಗಸ ಹಾಕಿದರೆ ಮೊಳೆಯ ಮೇಲೆ ಮೊಳೆ. ಹಾಗಾಗಿ ಗರಗಸ ಬಿಟ್ಟು, ಎರಡು ಪಟ್ಟಿಗಳ ನಡುವೆ ಉಕ್ಕಿನ ಬೆಣೆ ಬಡಿದು, ಬಾಯಿ ಬಿಟ್ಟ ಕಡೆ ಕಾಣುವ ಮೊಳೆಗಳನ್ನು ಲೋಹ ಕೊಯ್ಯುವ ಬ್ಲೇಡಿನಿಂದ ಒಂದೊಂದಾಗಿ ತುಂಡರಿಸಬೇಕಾಯಿತು. ತುದಿ ಕತ್ತರಿಸುವ ಮೊದಲು ಆಯಸ್ಕಾಂತ ಆಡಿಸಿ ಮೊಳೆ ಇಲ್ಲದ ಗೆರೆ ಹುಡುಕಬೇಕು. ಮೇಲಿನ ಹಳೆಯ ಪಾಲಿಶ್ ಉಜ್ಜಿ ತೆಗೆಯುವುದಂತೂ ಬರೆಯುವಷ್ಟು ರುಚಿಯ ಕೆಲಸವಲ್ಲ. ಮುಖಕ್ಕೆ ಮಾಸ್ಕ್, ಕಿವಿಗೆ ಬಿರಡೆ, ಬೆಳಗ್ಗಿಂದ ಸಂಜೆ.

ಕೊನೆಗೆ ಕೈಗೆ ಬಂದದ್ದು ಅರವತ್ತು ಕಿಲೋ ದಾಟಿದ ಹಲಗೆ. ಹಿರಿಯರು ತಮ್ಮ ಉಕ್ಕಿನ ಪಟ್ಟಿ ತಂದು ಮೇಲಿಟ್ಟು, ಅಡಿಯಲ್ಲಿ ಫೀಲರ್ ಗೇಜಿನ ಎಲೆ ತೂರಿಸಿ ನೋಡಿದರು. ಪಂದ್ಯಕ್ಕೆ ಒಪ್ಪುವ ಬೌಲಿಂಗ್ ಹಾದಿಯ ಮಟ್ಟ ಇಂಚಿನ ಸಾವಿರದಲ್ಲಿ 40 ಭಾಗಕ್ಕಿಂತ, ಅಂದರೆ ಸುಮಾರು ಒಂದು ಮಿಲಿಮೀಟರಿಗಿಂತ, ಹೆಚ್ಚು ತಪ್ಪುವಂತಿಲ್ಲ. "ಇಲ್ಲಿ ಆಡಿದರೆ ನಿನ್ನ ಸ್ಕೋರು ಲೆಕ್ಕಕ್ಕೆ ಬರುವುದಿಲ್ಲ" ಎಂದು ನಕ್ಕರು.

ಅವರು ನಗದೆ ಹೇಳಿದ ಮಾತು ಬೇರೆ ಇತ್ತು: ಬಿಗಿಯಾಗಿ ಬೋಲ್ಟ್ ಮಾಡಬೇಡ. ಉಕ್ಕಿನ ಪೆಟ್ಟಿಗೆ ಇದ್ದ ಅಳತೆಯಲ್ಲೇ ಇರುತ್ತದೆ, ಮರ ಹಾಗಲ್ಲ. ವಿಸ್ಕಾನ್ಸಿನ್ ರಾಜ್ಯದ ಮ್ಯಾಡಿಸನ್‌ನಲ್ಲಿ 1910ರಿಂದ ಇರುವ ಸರ್ಕಾರಿ ಅರಣ್ಯೋತ್ಪನ್ನ ಪ್ರಯೋಗಾಲಯ ಪ್ರತಿ ಮರಕ್ಕೂ ಇದರ ಅಂಕಿ ಕೊಟ್ಟಿದೆ. ಬಿಸಿ ಹಾಯಿಸಿದ ಕಟ್ಟಡದೊಳಗಿನ ಮೇಪಲ್‌ನಲ್ಲಿ ತೇವಾಂಶ ಶೇ. 7ರ ಹತ್ತಿರ ಇರುತ್ತದೆ. ಬಿಸಿ ಇಲ್ಲದ ಗ್ಯಾರೇಜಿಗೆ ಬಂದು ವರ್ಷ ಕಳೆದರೆ ಅದು ಶೇ. 12ಕ್ಕೆ ಏರಬಹುದು. ಇಪ್ಪತ್ತೈದೂವರೆ ಇಂಚು ಅಗಲದ ಹಲಗೆಗೆ ಲೆಕ್ಕ ಹಾಕಿದರೆ, ಎಳೆ ನಿಂತಿರುವ ದಿಕ್ಕನ್ನು ಅವಲಂಬಿಸಿ, ಐದರಿಂದ ಹನ್ನೊಂದು ಮಿಲಿಮೀಟರ್ ಹಿಗ್ಗು. ಉದ್ದದಲ್ಲಿ ಮಾತ್ರ ಲೆಕ್ಕಕ್ಕೆ ಬಾರದಷ್ಟು. ತುಂಗಭದ್ರೆಯ ದಡದ ಹಳೆ ಮನೆಗಳಲ್ಲಿ ಆಷಾಢ ಬಂತೆಂದರೆ ಹಿತ್ತಲ ಬಾಗಿಲು ಚೌಕಟ್ಟಿಗೆ ಕಚ್ಚಿಕೊಂಡು ಒದೆಯದೆ ತೆರೆಯುತ್ತಿರಲಿಲ್ಲವಲ್ಲ, ಅದೇ ಇದು. ಬಾಗಿಲನ್ನು ಒದೆಯಬಹುದು. ನಾಲ್ಕು ಮೂಲೆಗೂ ಬೋಲ್ಟ್ ಬಿಗಿದ ಹಲಗೆ ಹಿಗ್ಗಲು ದಾರಿಯಿಲ್ಲದೆ ಬಾಗುತ್ತದೆ, ಇಲ್ಲವೇ ಪೆಟ್ಟಿಗೆಯ ತಗಡನ್ನೇ ಎಳೆಯುತ್ತದೆ.

ಪರಿಹಾರ ಸರಳ. ಪೆಟ್ಟಿಗೆಯ ನೆತ್ತಿಯ ತಗಡಿನಲ್ಲಿ ಮುಂದಿನ ಸಾಲಿಗೆ ದುಂಡು ತೂತು, ಹಿಂದಿನ ಸಾಲಿಗೆ ಅಗಲದ ದಿಕ್ಕಿನಲ್ಲಿ ಉದ್ದನೆಯ ತೂತು. ಕೆಳಗಿನಿಂದ ಅಗಲ ವಾಷರ್ ಹಾಕಿ ಸ್ಕ್ರೂ ಏರಿಸಿದರೆ ಮುಂದಿನ ಅಂಚು ಕದಲದೆ ನಿಲ್ಲುತ್ತದೆ, ಹಿಗ್ಗುವುದೆಲ್ಲ ಗೋಡೆಯ ಕಡೆಗೆ. ಗೋಡೆಗೂ ಹಲಗೆಗೂ ನಡುವೆ ಬೆರಳು ತೂರುವಷ್ಟು ಸಂದು ಬಿಟ್ಟ. ಆ ಸಂದಿಗೆ ಬಿದ್ದ ಪೆನ್ಸಿಲ್ಲುಗಳ ಲೆಕ್ಕ ಬೇರೆ.

ರಸಮಟ್ಟ ಇಟ್ಟಾಗ ಇನ್ನೊಂದು ಸಂಗತಿ ಕಂಡಿತು. ಗ್ಯಾರೇಜಿನ ನೆಲ ಸಮತಟ್ಟಲ್ಲ, ಆಗಿರಲೂ ಕೂಡದು. ಕಾರಿನಿಂದ ಕರಗಿ ಇಳಿಯುವ ಮಂಜು, ಸೋರಿದ ಪೆಟ್ರೋಲು ಮನೆಯ ಕಡೆ ನಿಲ್ಲದೆ ಹೊರಗೆ ಹರಿಯಲೆಂದು ಕಾಂಕ್ರೀಟನ್ನು ಬಾಗಿಲ ಕಡೆಗೆ ಇಳಿಜಾರಾಗಿ ಹಾಕಬೇಕೆಂಬುದು ಕಟ್ಟಡ ನಿಯಮ. ಅಡಿಗೆ ಎಂಟನೇ ಒಂದು ಇಂಚು ವಾಡಿಕೆ. ಎಂಟಡಿ ಬೆಂಚನ್ನು ಪಕ್ಕದ ಗೋಡೆಗೆ ಇಟ್ಟರೆ ಒಂದು ತುದಿ ಇನ್ನೊಂದಕ್ಕಿಂತ ಒಂದು ಇಂಚು ಕೆಳಗೆ. ಸ್ಪ್ಯಾನರಿಗೆ ಅದು ತಿಳಿಯುವುದಿಲ್ಲ, ದುಂಡಗಿನ ಡ್ರಿಲ್ ಬಿಟ್ಟಿಗೆ ಚೆನ್ನಾಗಿ ತಿಳಿಯುತ್ತದೆ. ಡ್ರಾಯರುಗಳೂ ತಾವಾಗಿ ಒಂದು ಬದಿಗೆ ವಾಲುತ್ತವೆ. ಬಾಗಿಲ ಕಡೆಯ ತೊಲೆಯಡಿಗೆ ದೇವದಾರಿನ ಚಕ್ಕೆಗಳನ್ನು ಒಂದರ ಮೇಲೊಂದು ಬಡಿದು ಎತ್ತರಿಸಿದ. ಮಗ ತನ್ನ ಗೋಲಿ ತಂದು ಹಲಗೆಯ ಮೇಲೆ ಬಿಟ್ಟು ಪರೀಕ್ಷೆ ಮಾಡಿದ. ಅದು ಎತ್ತಲೂ ಹೊರಳದೆ ಪಟ್ಟಿಗಳ ನಡುವಿನ ಸಂದಿನಲ್ಲಿ ಸಿಕ್ಕಿಕೊಂಡಿತು. ಪಾಸು ಎಂದು ಬರೆದುಕೊಂಡರು.

ಮರುವರ್ಷದ ಬೇಸಿಗೆಗೆ ಹರಿಹರದಿಂದ ಅಪ್ಪ ಅಮ್ಮ ಬಂದರು. ಹಲಗೆಗೆ ಎರಡನೇ ಸಲ ಎಣ್ಣೆ ಕುಡಿಸುತ್ತಿದ್ದ ದಿನ ಅಮ್ಮ ಒಳಬಾಗಿಲಲ್ಲಿ ನಿಂತು ಮೂಗರಳಿಸಿದರು. "ಇದೇನೋ, ಗ್ಯಾರೇಜ್ನಾಗೆ ಅಗಸೆ ವಾಸ್ನೆ ಬರ್ತೈತೆ?" ಅಗಸೆಯೇ. ಮರಕ್ಕೆ ಹಚ್ಚುವ ಲಿನ್ಸೀಡ್ ಎಣ್ಣೆ ಅಗಸೆ ಬೀಜದ್ದು, ಅಮ್ಮ ಚಟ್ನಿಪುಡಿಗೆ ಹುರಿಯುವ ಅದೇ ಬೀಜ. ಬೇಗ ಒಣಗಲೆಂದು ಲೋಹದ ಲವಣ ಬೆರೆಸಿರುವುದರಿಂದ ತಿನ್ನುವ ಮಾತಿಲ್ಲ. ಈ ಎಣ್ಣೆ ಒಣಗುವುದು ಆವಿಯಾಗಿ ಅಲ್ಲ, ಗಾಳಿಯ ಆಮ್ಲಜನಕದೊಂದಿಗೆ ಕೂಡಿ. ಕೂಡುವಾಗ ಬಿಸಿ ಹುಟ್ಟುತ್ತದೆ. ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆದರೆ ಬಿಸಿ ಒಳಗೇ ಉಳಿದು ತಾನಾಗಿ ಹೊತ್ತಿಕೊಳ್ಳುತ್ತದೆ. 1991ರ ಫೆಬ್ರುವರಿ 23ರ ರಾತ್ರಿ ಫಿಲಡೆಲ್ಫಿಯಾದ ಒನ್ ಮೆರಿಡಿಯನ್ ಪ್ಲಾಜಾ ಎಂಬ 38 ಅಂತಸ್ತಿನ ಕಟ್ಟಡಕ್ಕೆ ಬೆಂಕಿ ಬಿದ್ದದ್ದು 22ನೇ ಮಹಡಿಯಲ್ಲಿ ಬಿಟ್ಟುಹೋದ ಇಂಥ ಬಟ್ಟೆಗಳಿಂದ. ಮೂವರು ಅಗ್ನಿಶಾಮಕ ಸಿಬ್ಬಂದಿ ಸತ್ತರು, ಕಟ್ಟಡ ಮತ್ತೆ ತೆರೆಯಲೇ ಇಲ್ಲ. ಹಾಗಾಗಿ ಟ್ರಾಯ್‌ನ ಆ ಮನೆಯ ಹಿತ್ತಲ ಬೇಲಿಯ ಮೇಲೆ ಎಣ್ಣೆ ಬಟ್ಟೆಗಳನ್ನು ಒಂದೊಂದಾಗಿ ಬಿಡಿಸಿ ಹರವಿರುತ್ತಿದ್ದರು. ಒಗೆಯದ ಬಟ್ಟೆಯನ್ನು ಯಾಕೆ ಒಣಹಾಕಿದ್ದೀರಿ ಎಂದು ಅಮ್ಮ ಸೊಸೆಯನ್ನು ಕೇಳಿದರು.

ಅಪ್ಪ ಫಿಟ್ಟರ್. 1941ರಲ್ಲಿ ಹರಿಹರದಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಲೇತ್ ಕಾರ್ಖಾನೆಯಲ್ಲಿ ಜೀವಮಾನ ಕಳೆದವರು. ಆ ಕಾರ್ಖಾನೆ ಬಾಗಿಲು ಹಾಕಿ ಆಗಲೇ ವರ್ಷಗಳಾಗಿದ್ದವು. ಅವರು ಬೆಂಚಿನ ಹಲಗೆಯನ್ನಾಗಲಿ ಎಣ್ಣೆಯ ಹೊಳಪನ್ನಾಗಲಿ ನೋಡಲಿಲ್ಲ. ಹಳೆ ಪೆಟ್ಟಿಗೆಯ ಮುಂದೆ ಕುಕ್ಕರಗಾಲಲ್ಲಿ ಕೂತು ಪ್ಲಾಸ್ಟಿಕ್ ಪಟ್ಟಿಯ ಅಕ್ಷರಗಳನ್ನು ಒಂದೊಂದಾಗಿ ಓದಿದರು. ಒಂದು ಡ್ರಾಯರ್ ಎಳೆದರು. ರೀಮರ್ ಎಂದು ಬರೆದ ಡ್ರಾಯರಿನಲ್ಲಿ ಕ್ರಿಸ್‌ಮಸ್ ದೀಪದ ಸರ ಇತ್ತು.

"ಇದರ ಯಜಮಾನ ಎಲ್ಲಿ?"

"ಫ್ಲಾರಿಡಾಕ್ಕೆ ಹೋದ್ರಂತೆ ಅಪ್ಪಾಜಿ. ಫ್ಯಾಕ್ಟರಿ ಬಿಟ್ಟು."

"ಸಾಮಾನು?"

"ಅವರೇ ತಗೊಂಡು ಹೋದ್ರು. ಪೆಟ್ಟಿಗೆ ಮಾತ್ರ ಕೊಟ್ರು."

"ಹಂಗಾದ್ರೆ ಸರಿ" ಎಂದರು. ದೀಪದ ಸರ ಮಾರನೆಯ ದಿನ ಬೇರೆ ಕಡೆಗೆ ಹೋಯಿತು, ಅಲ್ಲಿ ಡ್ರಿಲ್ ಬಿಟ್ಟುಗಳು ಬಂದವು. ಪಟ್ಟಿ ಕಿತ್ತು ಹೊಸದು ಅಂಟಿಸೋಣ ಎಂಬ ಮಗನ ಸಲಹೆ ಹಾಗೇ ಬಿದ್ದುಹೋಯಿತು.

ಕೆಲಸದ ತುಂಡನ್ನು ದವಡೆಯಲ್ಲಿ ಕಚ್ಚಿ ಹಿಡಿಯುವ ವೈಸ್ ಇನ್ನೂ ಕೂರಿಸಿರಲಿಲ್ಲ. ಎಲ್ಲಿ ಎಂಬುದರ ಬಗ್ಗೆ ಹಿರಿಯರಿಗೂ ಅಪ್ಪನಿಗೂ ಮಾತಿಲ್ಲದೆಯೇ ಒಪ್ಪಂದವಾಯಿತು. ಪೆಟ್ಟಿಗೆಯ ಮೇಲೆಯೇ ಕೂರಿಸಿದರೆ ಬೋಲ್ಟಿನ ನಟ್ಟು ಡ್ರಾಯರಿಗೆ ತಾಗುತ್ತದೆ, ಬಯಲಿನ ನಡುವೆ ಕೂರಿಸಿದರೆ ಸುತ್ತಿಗೆ ಏಟಿಗೆ ಹಲಗೆ ಪುಟಿಯುತ್ತದೆ. ಪೆಟ್ಟಿಗೆಯ ಒಳ ಅಂಚಿಗೆ ಹತ್ತಿಕೊಂಡು, ಬೋಲ್ಟಿಗೆ ಕೈ ಹೋಗುವಷ್ಟು ಈಚೆಗೆ, ಇಬ್ಬರೂ ಒಂದೇ ಜಾಗಕ್ಕೆ ಬೆರಳಿಟ್ಟರು. ಎತ್ತರದ ವಿಷಯದಲ್ಲಿ ಮಾತ್ರ ಅಪ್ಪ ಯಾರನ್ನೂ ಕೇಳಲಿಲ್ಲ. ಪಕ್ಕದಲ್ಲಿ ನೆಟ್ಟಗೆ ನಿಂತು, ಮುಷ್ಟಿ ಕಟ್ಟಿ ಗಲ್ಲಕ್ಕೆ ಇಟ್ಟು, ಮೊಣಕೈ ಎಲ್ಲಿ ಮುಟ್ಟುತ್ತದೆಂದು ನೋಡಿದರು. ಐಟಿಐ ಓದಿದ ಫಿಟ್ಟರುಗಳಿಗೆಲ್ಲ ಗೊತ್ತಿರುವ ಅಳತೆ ಇದು: ವೈಸಿನ ದವಡೆ ಮೊಣಕೈ ಮಟ್ಟಕ್ಕೆ ಇದ್ದರೆ ಅರ ಹಿಡಿದ ಕೈ ನೆಲಕ್ಕೆ ಸಮಾನಾಂತರವಾಗಿ ಓಡುತ್ತದೆ, ಉಜ್ಜಿದ ಮುಖ ದುಂಡಾಗುವುದಿಲ್ಲ. ಬಡಗಿಗೆ ಬೆಂಚು ಇನ್ನೂ ಕೆಳಗೆ, ಮಣಿಕಟ್ಟಿನ ಆಸುಪಾಸು ಬೇಕು. ಹತ್ತರಿಯ ಮೇಲೆ ಮೈಭಾರ ಬೀಳಬೇಕಲ್ಲ. 34 ಇಂಚಿನ ಬೆಂಚಿನ ಮೇಲೆ ಏಳು ಇಂಚಿನ ವೈಸ್ ಇಟ್ಟರೆ ಹೆಚ್ಚು ಕಡಿಮೆ ಎರಡಕ್ಕೂ ಹೊಂದುತ್ತದೆ. ಅಪ್ಪನಿಗೆ ಎರಡು ಬೆರಳು ಕಡಿಮೆ ಬಿತ್ತು. "ಅಡಿಗೊಂದು ಕಟ್ಟಿಗೆ ಕೊಡಪ್ಪಾ" ಎಂದರು. ಬೌಲಿಂಗ್ ಪಟ್ಟಿಯ ಎರಡು ತುಂಡು ಕೊಟ್ಟದ್ದಾಯಿತು.

ಉಳಿದ ಪಟ್ಟಿಗಳಿಗೆ ಅಮ್ಮ ಮೊದಲೇ ಚೀಟಿ ಹಾಕಿದ್ದರು. ಗಣೇಶನ ಹಬ್ಬಕ್ಕೆ ಕೂರಲು ಮಣೆ ಬೇಕಿತ್ತು. ಅಮೆರಿಕದ ಅಂಗಡಿಯಲ್ಲಿ ಮಣೆ ಎಲ್ಲಿ ಸಿಗಬೇಕು? ಅಪ್ಪ ಅದರ ಅಡಿಪಟ್ಟಿ ಕೂರಿಸಿದರು, ಮೊಮ್ಮಗ ಉಜ್ಜಿದ. ನಡುವೆ ಒಂದು ಬಾಣದ ಗುರುತು ಬಂದಿತ್ತು. ಯಾವ ದಿಕ್ಕಿಗೆ ಮುಖ ಮಾಡಿ ಕೂರಬೇಕೆಂದು ಇನ್ನು ಯಾರನ್ನೂ ಕೇಳಬೇಕಿಲ್ಲ ಎಂದು ಸೊಸೆ ನಗೆಯಾಡಿದಳು.

ಗ್ಯಾರೇಜಿನ ಬೆಂಚು ಎಂದರೆ ಕೆಲವರಿಗೆ ಕೂಡಲೇ ಕ್ಯಾಲಿಫೋರ್ನಿಯಾದ ಪಾಲೊ ಆಲ್ಟೊದ ಅಡಿಸನ್ ಅವೆನ್ಯೂ ನೆನಪಾಗುತ್ತದೆ. ಅಲ್ಲಿನ ಒಂದು ಗ್ಯಾರೇಜಿನಲ್ಲಿ ಹ್ಯೂಲೆಟ್ ಮತ್ತು ಪ್ಯಾಕರ್ಡ್ 538 ಡಾಲರ್ ಬಂಡವಾಳದಲ್ಲಿ ಕಂಪನಿ ಕಟ್ಟಿದರು. ಟ್ರಾಯ್‌ನ ಈ ಬೆಂಚಿನಿಂದ ಯಾವ ಕಂಪನಿಯೂ ಹೊರಬರಲಿಲ್ಲ. ಕನ್ನಡ ಕೂಟದ ನಾಟಕಕ್ಕೆ ಪ್ಲೈವುಡ್ಡಿನ ಸಿಂಹಾಸನ, ಮಗನ ಶಾಲೆಗೆ ಸೇತುವೆಯ ಮಾದರಿ, ಪಕ್ಕದ ಹಿರಿಯರ ಮನೆಯ ಹಳೆ ಬಾಗಿಲಿಗೆ ಅಪ್ಪ ಅರದಲ್ಲೇ ತಿದ್ದಿ ಕೊಟ್ಟ ಚಿಲಕದ ನಾಲಿಗೆ, ಇಂಥವೇ. ದೊಡ್ಡ ಹಲಗೆಗೆ ಹತ್ತರಿ ಹೊಡೆಯಬೇಕಾದಾಗ ಹಿರಿಯರ ಎಚ್ಚರಿಕೆ ಪ್ರತಿ ಸಲವೂ ನಿಜವಾಗುತ್ತಿತ್ತು. ಕ್ಲ್ಯಾಂಪನ್ನು ಅತ್ತಿತ್ತ ಬದಲಿಸುತ್ತಲೇ ಅರ್ಧ ಹೊತ್ತು ಹೋಗುತ್ತಿತ್ತು. ತಿಜೋರಿಯಂಥ ಬೀಗ ಇರುವ ಡ್ರಾಯರುಗಳು ತುಂಬಿದ್ದೇನೋ ಬೇಗ. ಆದರೆ ಸಾಮಾನು ಹಲಗೆಯ ಮೇಲೇ ಉಳಿದುಬಿಟ್ಟರೆ ಬೆಂಚು ಮತ್ತೆ ಬರೀ ಕಪಾಟು. ಈ ಜಾತಿಯ ಬೆಂಚಿಗೆ ಅದೇ ದೊಡ್ಡ ರೋಗ.

2016ರಲ್ಲಿ ಅವರು ಮನೆ ಬದಲಿಸಿದರು. ಡ್ರಾಯರುಗಳನ್ನು ಕಳಚಿ, ಚಕ್ರ ಮತ್ತೆ ಹಾಕಿ ಪೆಟ್ಟಿಗೆಗಳನ್ನು ತಳ್ಳಿಕೊಂಡು ಹೋದದ್ದು ಸುಲಭ. ಹಲಗೆಗೆ ನಾಲ್ಕು ಜನ ಬೇಕಾದರು. ಸ್ಕ್ರೂ ಬಿಚ್ಚಿ ನೋಡಿದರೆ ಹಿಂದಿನ ಸಾಲಿನ ಉದ್ದ ತೂತುಗಳಲ್ಲಿ ವಾಷರ್ ಸರಿದಾಡಿದ ಗೀರು ಬೆಳ್ಳಗೆ ಎದ್ದಿತ್ತು, ಆರೇಳು ಮಿಲಿಮೀಟರ್ ಉದ್ದ. ಮ್ಯಾಡಿಸನ್‌ನವರ ಲೆಕ್ಕ ತಪ್ಪಿರಲಿಲ್ಲ. ಹೊಸ ಗ್ಯಾರೇಜಿನಲ್ಲಿ ಬೆಂಚಿಗೆ ಸಿಕ್ಕಿದ್ದು ಎದುರು ಬದಿಯ ಗೋಡೆ, ಅಲ್ಲಿ ನೆಲ ಇಳಿಯುವುದು ಬೆಂಚಿನ ಇನ್ನೊಂದು ತುದಿಗೆ. ದೇವದಾರಿನ ಚಕ್ಕೆಗಳನ್ನು ಆ ತೊಲೆಯಡಿಯಿಂದ ತೆಗೆದು ಈ ತೊಲೆಯಡಿಗೆ ಬಡಿದ. ಇಳಿಜಾರು ಇಲ್ಲಿ ಸ್ವಲ್ಪ ಹೆಚ್ಚು, ಇನ್ನೂ ಎರಡು ಬೇಕಾದವು.